ಉಪ್ಪಿಗೆ ಹಾಕಿದ ಪುಸ್ತಕ

ನನ್ನ ಮೊಮ್ಮಗಳು ಕುಷ್ಟಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಮೇಡಮ್ ಆಗಿದ್ದಾಳೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲೆಲ್ಲೋ ಅದೇ ಬಂದು ನುಗ್ಗುತ್ತದೆ. ಆರ್ಡರ್ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದೆ. ಹಂಚಿದ ಮನೆಗಳಿಗೇ ಮತ್ತೊಮ್ಮೆ ಹಂಚಿದೆನೆಂದು ಸೊಸೆ ಹೇಳುತ್ತಾಳೆ. ಇರಬಹುದು. ಕುಷ್ಟಗಿ ಬಸ್ಸಿನ ಕಂಡಕ್ಟರನಿಗೂ ಕೊಟ್ಟೆ. "ಏನ ವಿಶೇಷರಿ ಅಮ್ಮಾರ?" ಎಂದ. "ನಾಳಿಂದ ನಿನ್ನ ಬಸ್ಸಿನ್ಯಾಗ ಒಬ್ರು ಮೇಡಮ್ ಅಡ್ಡಾಡ್ತಾರ, ಬ್ರೇಕ್ ಸಾವಕಾಶ ಹಾಕಂತ ಡ್ರೈವರಗ ಹೇಳು" ಎಂದೆ.

ಆ ಮೇಡಮ್ಮು ಈಗ ನನಗೊಂದು ಕೆಲಸ ಹಚ್ಚಿದ್ದಾಳೆ. ಅವರ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಿರಿಯರೊಬ್ಬರು ತಾವು ಓದಿದ ಪುಸ್ತಕಗಳ ಬಗ್ಗೆ ಬರೆಯಬೇಕಂತೆ. ದೊಡ್ಡ ದೊಡ್ಡವರೆಲ್ಲ ಪುರುಸೊತ್ತಿಲ್ಲ ಎಂದರಂತೆ. ಇವಳು "ನಮ್ಮ ಅಜ್ಜಿ ಬರೀತಾಳ" ಎಂದು ಒಪ್ಪಿಕೊಂಡು ಬಂದಿದ್ದಾಳೆ. "ನಾ ಸಾಲಿ ಕಟ್ಟೀನೂ ಹತ್ತಿಲ್ಲವಾ" ಎಂದರೆ, "ಅದಕ್ಕ ಛಲೋ ಬರೀತಿ" ಎನ್ನುತ್ತಾಳೆ. ಎಂ.ಎ. ಮಾಡಿದವರ ಮಾತು, ನಂಬಬೇಕು.

ಬರೆಯಲು ಕೂತೆ. ಹಳೆಯ ಕಾವ್ಯದ ಬಗ್ಗೆ ಒಂದು ಮಾತು ಬರೆಯೋಣವೆಂದರೆ, ನನ್ನ ಮಾತಿಗಿಂತ ಮೊದಲು ಬೇರೊಬ್ಬರ ಮಾತು ಬಂದು ನಿಲ್ಲುತ್ತದೆ. ಹೊಸ ಕಾದಂಬರಿಯ ಬಗ್ಗೆ ಬರೆಯೋಣವೆಂದರೂ ಅವರೇ. ಪುಸ್ತಕದ ಬಗ್ಗೆ ನನಗಿರುವ ಅಭಿಪ್ರಾಯವೆಲ್ಲ ಒಂದೋ ಅವರದು, ಇಲ್ಲವೇ ಅವರೊಡನೆ ಜಗಳ ತೆಗೆದದ್ದು. ಅದಕ್ಕೆ ಮೊದಲು ಅವರನ್ನೇ ಬರೆದು ಮುಗಿಸುತ್ತೇನೆ.

ಅವರು ಯಲಬುರ್ಗಿಯಲ್ಲಿ ನಮ್ಮ ಓಣಿಯ ಬಾಯಿಗೆ ಕಿರಾಣಿ ಅಂಗಡಿ ಇಟ್ಟಿದ್ದ ಶೆಟ್ಟರು. ಹೆಸರು ಬರೆಯುವುದಿಲ್ಲ. ಅವರ ಮನೆತನದವರು ಈಗಲೂ ಅಲ್ಲೇ ಅಂಗಡಿ ನಡೆಸುತ್ತಾರೆ. ಹಿರಿಯರು ದಿನವಿಡೀ ಪುಸ್ತಕ ಓದುತ್ತ ಕೂತಿದ್ದರು ಎಂದು ಅಚ್ಚಾದರೆ ವ್ಯಾಪಾರಸ್ಥರ ಮನೆಗೆ ಅದು ಒಳ್ಳೆಯ ಹೆಸರಲ್ಲ.

ಆಗ ನಮ್ಮದು ನಿಜಾಮನ ರಾಜ್ಯ. ಸರಕಾರಿ ಸಾಲಿಯಲ್ಲಿ ಉರ್ದು ನಡೆಯುತ್ತಿತ್ತು, ಅದೂ ಗಂಡುಹುಡುಗರಿಗೆ. ಕನ್ನಡ ಬೇಕೆಂದವರು ಮಠಕ್ಕೆ ಹೋಗಿ ಮರಳಿನಲ್ಲಿ ಬೆರಳಾಡಿಸಬೇಕು. ನಾನು ಎರಡು ಮಳೆಗಾಲ ಆಡಿಸಿದೆ. ಆಮೇಲೆ ಅವ್ವ "ಸಾಕು, ಉದ್ದ ಬೆಳದಾಳ" ಎಂದು ಬಿಡಿಸಿದಳು. ಕನ್ನಡ ಪುಸ್ತಕವೆಂಬುದು ನಮ್ಮೂರಿಗೆ ಬರುತ್ತಿದ್ದುದು ಒಂದೇ ದಾರಿಯಿಂದ: ಗಡಿಯಾಚೆಯ ಗದಗಿನ ಕಡೆಯಿಂದ, ಎತ್ತಿನ ಗಾಡಿಯಲ್ಲಿ, ರದ್ದಿಯಾಗಿ. ಸಾಮಾನು ಕಟ್ಟಿಕೊಡಲು ಶೆಟ್ಟರು ರದ್ದಿ ತರಿಸುತ್ತಿದ್ದರು. ಗಡಿಯ ನಾಕಾದಲ್ಲಿ ಸಿಪಾಯಿ ತಡೆದು ಒಂದು ಪುಸ್ತಕ ಎತ್ತಿ ತಿರುಗಿಸಿ ಮುರುಗಿಸಿ "ಯೇ ಕ್ಯಾ ಹೈ?" ಎಂದು ಕೇಳಿದರೆ, ಶೆಟ್ಟರು ಕೈಮುಗಿದು "ರದ್ದಿ ಹೈ ಸಾಬ್, ಸಬ್ ರದ್ದಿ" ಎನ್ನುತ್ತಿದ್ದರು. ಪುಸ್ತಕ ಓದದೆ ಅವರು ಅಭಿಪ್ರಾಯ ಹೇಳುತ್ತಿದ್ದುದು ಆ ಜಾಗದಲ್ಲಿ ಮಾತ್ರ.

ಯಾಕೆಂದರೆ ಅವರದೊಂದು ಕಟ್ಟಳೆ ಇತ್ತು. ಓದದ ಪುಸ್ತಕವನ್ನು ಹರಿಯಬಾರದು. ರಾತ್ರಿ ದೀಪದ ಎಣ್ಣೆ ಯಾಕೆ ಸುಡಬೇಕೆಂದು ಹಗಲೇ, ಅಂಗಡಿಯಲ್ಲೇ, ಗಿರಾಕಿಗಳ ಮುಂದೆಯೇ ಓದುತ್ತಿದ್ದರು. ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ತಕ್ಕಡಿ. ಒಂದು ಕಡ್ಡಿ ಮುರಿದ ಕನ್ನಡಕಕ್ಕೆ ಪುಡಿಕೆ ಕಟ್ಟುವ ದಾರವನ್ನೇ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದರು. ತಲೆ ಎತ್ತದೆಯೇ ಬಂದವರು ಯಾರೆಂದು ಬಳೆ ಸದ್ದಿನಿಂದ ಹೇಳುತ್ತಿದ್ದರು.

"ಶೆಟ್ರ, ಅಚ್ಚೇರು ಬೆಲ್ಲ ಕೊಡ್ರಿ."

"ತಡೀ ಯಕ್ಕ. ಇಲ್ಲೊಬ್ಬಾಕಿ ಬಾವಿ ಕಟ್ಟಿ ಮ್ಯಾಲ ನಿಂತಾಳ."

"ಅಯ್ಯ ಶಿವನ! ಯಾರವಾ ಅಕಿ?"

"ಸಾವುಕಾರನ ಸೊಸಿ."

"ಯಾವ ಸಾವುಕಾರ? ನಮ್ಮ ಓಣ್ಯಾಗಿನಾಂವೇನು?"

"ಪುಸ್ತಕದಾಗಿನ ಸಾವುಕಾರ."

"ಜಿಗದಳೇನ್ರಿ?"

"ಇನ್ನಾ ಇಲ್ಲ. ಚಂದ್ರನ್ನ ನೋಡ್ಲಿಕತ್ತಾಳ. ಎರಡು ಪುಟ ಆತು."

"ಹಂಗಾರ ಜಿಗಿಯಾಕಿ ಅಲ್ಲ ತಗೋರಿ. ನನ್ನ ಬೆಲ್ಲ ಕೊಡ್ರಿ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀನಿ."

ಅವಳು ಹೇಳಿದ್ದೇ ನಿಜವಾಗಿತ್ತಂತೆ. ಮೂರನೆಯ ಪುಟದಲ್ಲಿ ಯಾರೋ ಬಂದು ಕೈಹಿಡಿದು ಕೆಳಗಿಳಿಸಿದರಂತೆ. ಶೆಟ್ಟರು ಮರುದಿನ ಆ ಹೆಣ್ಣುಮಗಳಿಗೆ "ನೀ ಓದದನ ನನಗಿಂತ ಛಲೋ ಓದ್ತಿ ನೋಡು" ಎಂದು ಒಂದು ಚೂರು ಬೆಲ್ಲ ಹೆಚ್ಚಿಗೆ ಹಾಕಿದರು.

ಓದಿ ಮುಗಿಸಿದ ಮೇಲೆ ತೀರ್ಪು. ಬಂದ ಪುಸ್ತಕಗಳಿಗೆ ರಟ್ಟು ಇರುತ್ತಿರಲಿಲ್ಲ, ಬರೆದವರ ಹೆಸರೂ ಇರುತ್ತಿರಲಿಲ್ಲ. "ಅದ ಛಲೋ ಆತು. ದೊಡ್ಡವ್ರು ಬರದಾರಂತ ಗೊತ್ತಾದ್ರ ಅಂಜಿಕಿ ಬರ್ತೈತಿ" ಎನ್ನುತ್ತಿದ್ದರು. ಯಾವ ಪುಸ್ತಕದಲ್ಲಿ ಯಾವ ಸಾಮಾನು ಕಟ್ಟುತ್ತಾರೆ ಎಂಬುದೇ ಅವರ ವಿಮರ್ಶೆ. ಬುದ್ಧಿ ಹೇಳುವ ಪುಸ್ತಕಗಳು ಬೆಲ್ಲಕ್ಕೆ ಹೋಗುತ್ತಿದ್ದವು. ಮನುಷ್ಯರು ಓದದಿದ್ದರೂ ಇರುವೆಗಳಾದರೂ ಸಾಲುಸಾಲಾಗಿ ಬಂದು ಓದುತ್ತವೆ ಎಂದು. ಪಂಡಿತರು ಪಂಡಿತರಿಗಾಗಿ ಬರೆದದ್ದು ಇಂಗಿಗೆ. ಪತ್ತೇದಾರಿ ಕಥೆ ಬಂದರೆ ಮೆಣಸಿನಕಾಯಿ ಪುಡಿಗೆ. ಅದರಲ್ಲೂ ಕಳ್ಳ ಸಿಕ್ಕ ಪುಟವನ್ನು ಬೇಕೆಂದೇ ತಮಗಾಗದ ಗೌಡರ ಮನೆಗೆ ಕಟ್ಟಿ ಕಳಿಸಿ, ಕಥೆಯ ಮೊದಲ ಭಾಗ ಸಿಗದಂತೆ ನೋಡಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಕೀಳಾದದ್ದು ಉಪ್ಪಿಗೆ. ಉಪ್ಪಿನ ನೀರು ಎರಡು ದಿನಕ್ಕೆ ಕಾಗದವನ್ನು ತಿಂದುಬಿಡುತ್ತದೆ.

ಒಂದು ಕಾದಂಬರಿಯಲ್ಲಿ ಪ್ರೀತಿ ಮಾಡಿದ ಹುಡುಗ ನದಿಯ ದಂಡೆಯಲ್ಲಿ ಎಂಟು ದಿನ ಕೂತೇ ಇರುತ್ತಾನೆ. ಶೆಟ್ಟರಿಗೆ ತಡೆಯಲಾಗಲಿಲ್ಲ. "ಎಂಟು ದಿನ ಬುತ್ತಿ ಕಟ್ಟಿದವ್ರು ಯಾರು? ಬರದಾಂವ ಅದನ್ನ ಹೇಳೂದಿಲ್ಲ. ಅಂವನ ಅವ್ವ ಮನ್ಯಾಗ ಎಂಟು ದಿನ ರೊಟ್ಟಿ ಬಡದಿರಬೇಕು, ಆಕಿ ಹೆಸರ ಇಲ್ಲ ಪುಸ್ತಕದಾಗ!" ಎಂದು ಆ ಪುಸ್ತಕವನ್ನು ಉಪ್ಪಿಗೆ ಹಾಕಿದರು. ಇಂದಿಗೂ ನನಗೆ ಯಾವ ಪುಸ್ತಕದಲ್ಲಾದರೂ ಜನ ಬರೀ ಮಾತಾಡುತ್ತ ಹೋದರೆ, ಇವರು ಉಂಡರೋ ಇಲ್ಲವೋ ಎಂದು ಚಿಂತೆಯಾಗುತ್ತದೆ. ಮೊಮ್ಮಗಳು ಇದು ಒಳ್ಳೆಯ ಪ್ರಶ್ನೆ ಎನ್ನುತ್ತಾಳೆ, ತರಗತಿಯಲ್ಲಿ ಕೇಳಿದಳಂತೆ. (ನೋಡಿ, ಬಂದೇಬಿಟ್ಟಳು.)

ಹರಿಯದ ಪುಸ್ತಕಗಳೂ ಇದ್ದವು, ತಗಡಿನ ಟ್ರಂಕಿನಲ್ಲಿ. ಅದರೊಳಗೊಂದು ಹಳಗನ್ನಡದ ದಪ್ಪ ಕಾವ್ಯ. "ಏಳು ವರ್ಷ ಆತು ಓದಾಕತ್ತು. ಇನ್ನಾ ಊರಿನ ಕ್ವಾಟಿ, ಕೆರಿ, ತ್ವಾಟದ ವರ್ಣನಾನ ನಡದೈತಿ. ರಾಜಾ ಎದ್ದಿಲ್ಲ" ಎನ್ನುತ್ತಿದ್ದರು. ಹಾಗಾದರೆ ಹರಿಯಬಾರದೇ ಎಂದರೆ, "ತಿಳೀಲಿಲ್ಲ ಅಂತ ಹರದ್ರ ಊರಾಗ ಯಾರನ್ನೂ ಉಳಸಾಕ ಆಗೂದಿಲ್ಲ" ಎಂದು ಟ್ರಂಕು ಮುಚ್ಚುತ್ತಿದ್ದರು. ಮೊನ್ನೆ ಮೊಮ್ಮಗಳು ಅಂಥದ್ದೊಂದು ಕಾವ್ಯವನ್ನು ಅರ್ಥ ಬಿಡಿಸಿ ಓದಿಸಿದಳು. ನಮ್ಮ ರಾಜ ಬೇಗನೇ ಎದ್ದ. ಶೆಟ್ಟರು ಇದ್ದಿದ್ದರೆ ಹೇಳುತ್ತಿದ್ದೆ.

ಇಷ್ಟು ಓದಿದ ಮನುಷ್ಯ ಒಂದು ಬರಹವನ್ನು ಮಾತ್ರ ಯಾವ ಸಾಮಾನಿಗೂ ಹಾಕದೆ ರೊಕ್ಕದ ಗಲ್ಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹೆಂಡತಿ ತೀರಿದ ಮೇಲೆ ಅವರಿಗೆ ಇದ್ದವಳು ಒಬ್ಬಳೇ ಮಗಳು. ಅವಳನ್ನು ಗಂಗಾವತಿಗೆ ಕೊಟ್ಟಿದ್ದರು. ತಿಂಗಳಿಗೊಂದು ಕಾರ್ಡು ಅವಳಿಂದ ಬರುತ್ತಿತ್ತು. ಅದರಲ್ಲಿ ಪ್ರತಿ ಸಲ ಅದೇ ಒಂದು ಸಾಲು: ನಾನು ಇಲ್ಲಿ ಕ್ಷೇಮ. ಶೆಟ್ಟರು ಅದನ್ನು ಗಿರಾಕಿಗಳಿಗೆಲ್ಲ ಓದಿ ತೋರಿಸಿ, "ಎಷ್ಟ ಚೊಕ್ಕ ಬರೀತಾಳ ನೋಡ್ರಿ, ಒಂದ ಅಕ್ಷರ ಹೆಚ್ಚಿಲ್ಲ" ಎನ್ನುತ್ತಿದ್ದರು. ಅಚ್ಚಾದ ಪುಸ್ತಕದ ಯಾವ ಸಾಲನ್ನೂ ಸುಮ್ಮನೆ ನಂಬದ ಮನುಷ್ಯ ಆ ಒಂದು ಸಾಲನ್ನು ತಿಂಗಳಿಗೊಮ್ಮೆ ನಂಬುತ್ತಿದ್ದರು.

ಎರಡನೆಯ ಜರ್ಮನ್ ಲಡಾಯಿಯ ಕಾಲ. ನನಗೆ ಹನ್ನೆರಡು ತುಂಬಿತ್ತು. ಬೇವೂರಿನವರು ಬಂದು ನೋಡಿ ಒಪ್ಪಿ, ಬೇಸಿಗೆಯಲ್ಲಿ ಮದುವೆ ಎಂದು ನಿಕ್ಕಿಯಾಗಿತ್ತು. ಅದೇ ದಿನಗಳಲ್ಲಿ ಒಮ್ಮೆ ಉಪ್ಪು ತಂದು ಗಡಿಗೆಗೆ ಸುರುವಿ, ಕಾಗದ ಬಿಡಿಸಿ ಓದಿದೆ. ಒಬ್ಬ ಹೊಸ ಸೊಸೆ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು, ಅಪ್ಪನಿಗೆ ಹೇಳಲಾಗದ್ದನ್ನೆಲ್ಲ ಕಲ್ಲಿಗೆ ಹೇಳುತ್ತಿದ್ದಳು. ಅತ್ತೆ ಎದ್ದ ಸಪ್ಪಳವಾಗಿ ಮಾತು ನಿಲ್ಲಿಸುತ್ತಾಳೆ, ಅಲ್ಲಿಗೆ ಪುಟವೂ ಮುಗಿದಿತ್ತು. ನಾನು ಕಾಗದವನ್ನು ತಿರುಗಿಸಿದೆ, ಮತ್ತೆ ತಿರುಗಿಸಿದೆ. ಅಂಗಡಿಗೆ ಓಡಿದೆ.

"ಕಾಕಾ, ಇದರ ಮುಂದಿನ ಪುಟ ಕೊಡ್ರಿ."

"ಎದರದವಾ? ಓಹೋ, ಅದಾ. ಉಪ್ಪಿಗೆ ಹಾಕೀನಿ ಅದನ್ನ. ಎಲ್ಲಾ ಹೋತು."

"ಯಾಕ್ರಿ? ಭಾಳ ಛಲೋ ಐತಲ್ರಿ."

"ಛಲೋ ಇಲ್ಲ." ತಲೆ ಎತ್ತಲಿಲ್ಲ. "ಹೆಣ್ಣಮಕ್ಕಳು ಹಂಗ ಕಲ್ಲಿನ ಕೂಡ ಮಾತಾಡೂದಿಲ್ಲ. ತ್ರಾಸ ಇದ್ರ ಅಪ್ಪಗ ಕಾಗದಾ ಬರೀತಾರ. ಸುಳ್ಳ ಬರದಾನ."

ಅವರ ಯಾವ ತೀರ್ಪೂ ಇಷ್ಟು ಚುಟುಕಾಗಿ ಮುಗಿದದ್ದು ನಾನು ಕಂಡಿರಲಿಲ್ಲ. ನನಗೋ ಆ ಹೆಣ್ಣು ಗಂಡನ ಮನೆಯಲ್ಲಿ ಉಳಿದಳೋ, ಸತ್ತಳೋ, ತವರಿಗೆ ಬಂದಳೋ ತಿಳಿಯಬೇಕಿತ್ತು. ನಾನೂ ಗಂಡನ ಮನೆಗೆ ಹೊರಟವಳು; ನನಗಿಂತ ಮುಂಚೆ ಹೋದವಳ ಗತಿ ಗೊತ್ತಾಗದೆ ಹೇಗೆ ಹೋಗಲಿ? ಮದುವೆಗೆ ಎರಡು ತಿಂಗಳಿತ್ತು. ಅಷ್ಟರೊಳಗೆ ಆ ಪುಸ್ತಕವನ್ನು ಕೂಡಿಸುತ್ತೇನೆಂದು ಹಟ ಹಿಡಿದೆ.

ಅದು ಆಗದ ಮಾತೇನೂ ಆಗಿರಲಿಲ್ಲ. ಅಚ್ಚಾದ ಅಕ್ಷರವೆಂದರೆ ಸರಸ್ವತಿ. ಒಲೆಗೆ ಹಾಕುವಂತಿಲ್ಲ, ಕಸಕ್ಕೆ ಗುಡಿಸುವಂತಿಲ್ಲ, ತುಳಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಅದಕ್ಕೆ ನಮ್ಮ ಓಣಿಯ ಹೆಂಗಸರೆಲ್ಲ ಸಾಮಾನಿನ ಕಾಗದವನ್ನು ಮಡಚಿ ಮನೆಯ ಜಂತಿಗಳ ಸಂದಿಗೆ ಸಿಕ್ಕಿಸಿಡುತ್ತಿದ್ದರು. ಓದು ಬಾರದವರ ಮಾಳಿಗೆಯ ಕೆಳಗೆಲ್ಲ ಪುಸ್ತಕಗಳಿದ್ದವು. ನಾನು ಮನೆಮನೆ ಹತ್ತಿ ಇಳಿದೆ.

"ದೊಡ್ಡವ್ವ, ಉಪ್ಪಿನ ಕಾಗದ ಅದಾವೇನ?"

"ಅಯ್ಯ, ಮದುವಿ ಹುಡುಗಿ ಉಪ್ಪಿನ ಕಾಗದ ಬೇಡಾಕ ಹೊಂಟಾಳ! ಬೇವೂರಿನವ್ರು ಸೀರಿ ಬದಲಿ ಕಾಗದ ಉಡಸ್ತಾರೇನ?"

"ಓದಾಕ ಬೇ."

"ಓದಿ ತಶೀಲ್ದಾರಕಿ ಮಾಡ್ತಿಯೇನು? ಹತ್ತು, ಕಟ್ಟಿ ಮ್ಯಾಲ ಕಾಲಿಟ್ಟು ತಗೋ. ಚೇಳು ಇದ್ದಾವು ಮತ್ತ."

ಕೆಲವು ಪುಟಗಳು ಉಪ್ಪಿಗೆ ಕರಗಿ ಜಾಳಿಗೆಯಾಗಿದ್ದವು. ಕೆಲವಕ್ಕೆ ಮೂಲೆ ಇರಲಿಲ್ಲ. ಆದರೂ ದಿನಕ್ಕೊಂದಾದರೂ ಸಿಕ್ಕಿತು. ಒಂದು ಮನೆಯಲ್ಲಿ ನಾನು ಜಂತಿಗೆ ಕೈ ಹಾಕಿದ್ದಾಗ ಕೆಳಗೆ ಇಬ್ಬರು ಹೆಂಗಸರು ಬೇಳೆ ಹಸನು ಮಾಡುತ್ತ ಮಾತಾಡುತ್ತಿದ್ದರು. ಅವರಲ್ಲೊಬ್ಬಳು ಗಂಗಾವತಿಯ ಕಡೆ ಭತ್ತದ ನಾಟಿಗೆ ಹೋಗಿ ಬಂದವಳು.

"ಶೆಟ್ರ ಮಗಳನ್ನ ಕಂಡ್ನೆವ್ವ. ಕೊಡಾ ಹೊತ್ತು ಹೊಂಟಿದ್ಲು. ಕೈಯಾಗ ಬಳಿ ನಿಲ್ಲವಲ್ಲವು, ಅಷ್ಟ ಸೊರಗ್ಯಾಳ. ನನ್ನ ಗುರ್ತ ಹಿಡದು ಮಾರಿ ಆ ಕಡೆ ಮಾಡಿದ್ಲು."

"ಅವರಪ್ಪಗ ಹೇಳಿದ್ಯೋ ಇಲ್ಲೋ?"

"ಹೇಳದ ಇರ್ತೀನೇನ? ಕಾರ್ಡ ತಗದು ತೋರಿಸಿದ್ರು. ಕ್ಷೇಮ ಅಂತ ಬರದಾಳಲ್ಲ, ನೀ ಬಿಸಲಾಗ ಬ್ಯಾರೆ ಯಾರನ್ನೋ ಕಂಡಿರಬೇಕು ಅಂದ್ರು."

"ಓದಿದವ್ರಿಗೆ ಯಾರು ಹೇಳಬೇಕ ಬಿಡವ್ವ."

ನನಗೆ ಆ ಮಾತು ಆಗ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. ನನ್ನ ಜೀವವೆಲ್ಲ ಜಂತಿಯ ಸಂದಿಯಲ್ಲಿತ್ತು. ಎರಡು ತಿಂಗಳು ತುಂಬುವುದರಲ್ಲಿ ಅರವತ್ತರ ಮೇಲೆ ಪುಟಗಳಾದವು. ಪುಟದ ಅಂಕಿ ನೋಡಿ ಹೊಂದಿಸಿ, ಕೌದಿ ಹೊಲಿಯುವ ದಬ್ಬಣದಿಂದ ಹೊಲಿದು, ಗೋಡೆಯ ಗೂಡಿನಲ್ಲಿಟ್ಟೆ. ಓದಿಬಿಟ್ಟರೆ ಮುಗಿದುಹೋಗುತ್ತದೆಂದು ದಿನಕ್ಕಿಷ್ಟೇ ಎಂದು ಓದುತ್ತಿದ್ದೆ. ಅರ್ಧಕ್ಕೆ ಬಂದಿದ್ದೆ. ಆ ಹೆಣ್ಣಿನ ಗಂಡ ನಾಟಕದ ಕಂಪನಿಯ ಬೆನ್ನು ಹತ್ತಿ ಊರು ಬಿಟ್ಟಿದ್ದ, ಅತ್ತೆ ಅದಕ್ಕೂ ಅವಳ ಕಾಲ್ಗುಣವೇ ಕಾರಣವೆನ್ನುತ್ತಿದ್ದಳು.

ಮದುವೆಗೆ ಮೂರು ದಿನ ಇರುವಾಗ ಅವ್ವ ಮನೆ ಸಾರಿಸಲು ತೆಗೆದಳು. ಜಂತಿಯ ಕಾಗದವನ್ನೆಲ್ಲ ಇಳಿಸಿದಳು, ಗೂಡಿನಲ್ಲಿದ್ದ ನನ್ನ ಕಟ್ಟನ್ನೂ ಸೇರಿಸಿದಳು. ನಾನು ಹೊರಗಿನಿಂದ ಬರುವಷ್ಟರಲ್ಲಿ ಬುಟ್ಟಿ ಹೊತ್ತು ಕೆರೆಗೆ ಹೋಗಿಯಾಗಿತ್ತು. ಓಡಿದೆ. ಕೆರೆಯಲ್ಲಿ ಬೇಸಿಗೆಗೆ ಉಳಿದಿದ್ದ ಮೊಣಕಾಲುದ್ದ ನೀರಿನಲ್ಲಿ ಅವ್ವ ನಿಂತಿದ್ದಳು. ಅರಿಷಿಣ ಕುಂಕುಮ ಏರಿಸಿ, ಹೂ ಇಟ್ಟು, ಎಲ್ಲವನ್ನೂ ನೀರಿಗೆ ಬಿಟ್ಟು, ಕೈಮುಗಿದು ಬೇಡಿಕೊಳ್ಳುತ್ತಿದ್ದಳು: "ತಾಯಿ ಸರಸ್ವತಿ, ನನ್ನ ಮಗಳಿಗೆ ಹ್ವಾದ ಮನ್ಯಾಗ ಇದ್ಯಾ ಬುದ್ಧಿ ಕೊಡು."

ನನ್ನ ಅಳು ನೋಡಿ ಅವ್ವ ಗಂಡನ ಮನೆಗೆ ಹೋಗುವ ದುಃಖವೆಂದು ತಿಳಿದು ತಾನೂ ಅತ್ತಳು. ಹಾಗೆ ನೋಡಿದರೆ ಅವಳು ತಿಳಿದದ್ದು ಪೂರ್ತಿ ತಪ್ಪೂ ಅಲ್ಲ.

ಮರುದಿನ ನಡು ಮಧ್ಯಾಹ್ನ ಅಂಗಡಿಗೆ ಹೋದೆ. ಇಬ್ಬರು ಗಿರಾಕಿಗಳು ನಿಂತಿದ್ದರು. ನಡೆದದ್ದನ್ನು ಹೇಳಿದೆ. ಶೆಟ್ಟರು ನಗಲಿಲ್ಲ, ಬೈಯಲಿಲ್ಲ. "ಎಲ್ಲಿ ಮಟಾ ಓದಿದ್ದಿ?" ಎಂದರು.

"ಗಂಡ ನಾಟಕದವ್ರ ಸಂಗಾಟ ಹೋದ ಮಟಾರಿ."

ಕನ್ನಡಕ ತೆಗೆದು ತಕ್ಕಡಿಯ ಪರಡಿಯಲ್ಲಿಟ್ಟರು. ಅಲ್ಲಿಂದ ಮುಂದೆ ಹೇಳತೊಡಗಿದರು. ಅವರ ಬಾಯಲ್ಲಿ ನಮ್ಮೂರ ಮಾತೇ ಬರಲಿಲ್ಲ, ಅಚ್ಚಿನ ಕನ್ನಡವೇ ಬಂತು, ಸಾಲಿಗೆ ಸಾಲು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು. ಉಪ್ಪಿಗೆ ಹಾಕಿದ ಪುಸ್ತಕ ಅವರಿಗೆ ಬಾಯಿಪಾಠವಾಗಿತ್ತು. ನಾನು ಅಲ್ಲೇ ಕೂತುಬಿಟ್ಟೆ. ಗಿರಾಕಿಗಳೂ ಕಟ್ಟೆಯ ಮೇಲೆ ಕೂತರು.

ಆ ಹೆಣ್ಣಿನ ಓಣಿಗೆ ಅವಳ ತವರಿನ ಬಳೆಗಾರ ಬರುತ್ತಾನೆ. ಕೈಗೆ ಬಳೆ ಏರಿಸುವಾಗ ಅವಳ ಕೈ ನೋಡಿ, ಅಪ್ಪನಿಗೆ ಏನು ಹೇಳಲಿ ಎನ್ನುತ್ತಾನೆ. ಅವಳು, ಚೆನ್ನಾಗಿದ್ದೇನೆ ಎಂದು ಹೇಳು ಎನ್ನುತ್ತಾಳೆ. ಬಳೆಗಾರ ಹೋಗಿ ಹಾಗೆಯೇ ಹೇಳುತ್ತಾನೆ. ಅಪ್ಪನಿಗೆ ಸಂತೋಷವಾಗುತ್ತದೆ. ಅಪ್ಪ ಅಂದು ಹೊಟ್ಟೆ ತುಂಬ ಉಂಡು…

ಅಲ್ಲಿಗೆ ಶೆಟ್ಟರ ದನಿ ನಿಂತಿತು.

"ಮುಂದ್ರಿ ಕಾಕಾ?"

ಅವರು ಪರಡಿಯಲ್ಲಿದ್ದ ಕನ್ನಡಕ ಎತ್ತಿ ಮತ್ತೆ ಕಿವಿಗೆ ಸುತ್ತಿಕೊಂಡರು.

"ಆಕಿ ಉಳಿತಾಳೋ ಇಲ್ಲೋ?"

"ನಿನಗ ಯಾವ ಊರಿಗೆ ಕೊಟ್ಟಾರವಾ?" ಎಂದರು.

"ಬೇವೂರಿಗ್ರಿ."

"ಸನೇದಾಗ ಐತಿ. ಛಲೋ ಆತು."

ಕಟ್ಟೆಯ ಮೇಲಿದ್ದವಳು ಎದ್ದು, "ಶೆಟ್ರ, ನನ್ನ ಪಾವಶೇರು ಕೊತ್ತಂಬರಿ ಬೀಜ" ಎಂದಳು. "ಅಂಗಡಿ ಮುಚ್ಚೇತಿ" ಎಂದರು ಶೆಟ್ಟರು. ನೆತ್ತಿಯ ಮೇಲೆ ಸೂರ್ಯ, ಬಾಗಿಲು ಹಾರುಹೊಡೆದಿತ್ತು. ಅವಳು ನಕ್ಕಳು, ಚಾಷ್ಟಿ ಎಂದುಕೊಂಡು. ಅವರು ನಿಜವಾಗಿಯೂ ಹಲಗೆಗಳನ್ನು ಒಂದೊಂದಾಗಿ ಕೂಡಿಸತೊಡಗಿದರು. ಗಲ್ಲೆಯಿಂದ ಕಾರ್ಡುಗಳ ಕಟ್ಟನ್ನು ತೆಗೆದು ಅಂಗಿಯ ಜೇಬಿಗೆ ಇಟ್ಟುಕೊಂಡದ್ದನ್ನು ನಾನು ಕಂಡೆ.

ಮರುದಿನ ಅಂಗಡಿ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಸಾವುಕಾರರ ಬಿಳಿ ಎತ್ತಿನ ಗಾಡಿ ಬೇಡಿಕೊಂಡು ಶೆಟ್ಟರು ಎತ್ತಲೋ ಹೋಗಿದ್ದಾರೆಂದು ಸುದ್ದಿಯಾಯಿತು. ಊರವರು ಅವರನ್ನು ಬಾಯಿಗೆ ಬಂದಂತೆ ಬೈದರು. ಹದಿನೈದು ವರ್ಷದಲ್ಲಿ ಮುಚ್ಚದ ಅಂಗಡಿ ನಮ್ಮ ಮನೆಯ ಮದುವೆಗೇ ಮುಚ್ಚಬೇಕೇ ಎಂದು ಅಪ್ಪ ಹಾರಾಡಿದ. ನನ್ನ ಮದುವೆಯ ಸಾರಿಗೆ ಇಂಗು ಬೀಳಲಿಲ್ಲ. ಬೇವೂರಿನ ಬೀಗರು ಅದನ್ನು ನನಗೆ ಮುಂದೆ ಮೂವತ್ತು ವರ್ಷ ನೆನಪಿಸಿದರು.

ನಾಗರಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋದ. ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಜೋಕಾಲಿಯ ಕಡೆ ಓಡಿದರೆ ನಾನು ಅಂಗಡಿಯ ಕಡೆ ಓಡಿದೆ. ಗಲ್ಲೆಯ ಮೇಲೆ ಒಬ್ಬ ಹೆಣ್ಣುಮಗಳು ಕೂತಿದ್ದಳು. ಇನ್ನೂ ಬಡಕಲಾಗಿಯೇ ಇದ್ದಳು. ಆದರೆ ತಕ್ಕಡಿ ಹಿಡಿದ ಕೈ ಗಟ್ಟಿಯಾಗಿತ್ತು. ಶೆಟ್ಟರು ಮೂಲೆಯ ಚೀಲದ ಮೇಲೆ ಪುಸ್ತಕ ಹಿಡಿದು ಕೂತಿದ್ದರು. ಅವಳು ಅವರ ಕೈಯಿಂದ ಪುಸ್ತಕ ಕಸಿದು, ಒಂದು ಹಾಳೆ ಹರಿದು, ಎಳ್ಳು ಸುರಿದು ಕಟ್ಟಿ ನನ್ನ ಮುಂದಿನ ಗಿರಾಕಿಗೆ ಕೊಟ್ಟಳು.

"ಅದನ್ನಿನ್ನಾ ಓದಿದ್ದಿಲ್ಲವಾ ನಾನು!"

"ನೀ ಓದಿದ್ದು ಸಾಕು ಅಪ್ಪಾ. ಗಿರಾಕಿ ನಿಂತಾರ."

ಶೆಟ್ಟರು ನನ್ನನ್ನು ಕಂಡು, ಬೇವೂರಿನಲ್ಲಿ ಹೇಗಿದ್ದೀ ಎಂದರು. ನಾನು "ಛಲೋ ಅದೀನ್ರಿ" ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು ನನ್ನ ಮುಖ ನೋಡಿದರು, ಕೈ ನೋಡಿದರು, ಬಹಳ ಹೊತ್ತು ನೋಡಿದರು. "ಹೌದು, ಖರೇನ ಛಲೋ ಅದೀ" ಎಂದು ಆಮೇಲೆ ಒಪ್ಪಿಕೊಂಡರು.

"ಕಾಕಾ, ಆ ಕಥೀ ಕೊನಿಗೆ ಏನಾತ್ರಿ?"

ಅವರು ಮಗಳ ಕಡೆ ನೋಡಿ ದನಿ ತಗ್ಗಿಸಿದರು.

"ಅದರಾಗ ಅಪ್ಪ ಹೋಗಿ ಮುಟ್ಟೂದರಾಗ ತಡಾ ಆಗಿರ್ತೈತಿ. ಬರದಾಂವ ಶ್ಯಾಣ್ಯಾ ಅದಾನ, ಇಲ್ಲನ್ನೂದಿಲ್ಲ. ಆದ್ರ ಗಾಡಿ ಹಾದಿ ಗೊತ್ತಿಲ್ಲವಾ ಅವಗ. ಎತ್ತು ಛಲೋ ಇದ್ರ ಗಂಗಾವತಿಗೆ ಎರಡ ದಿನ ಸಾಕು."